ಸುಡದ ಕಲ್ಲು ಮತ್ತು ನನ್ನ ಕಿರುಬೆರಳು

ನಮ್ಮ ಮನೆಯ ಸಾಗವಾನಿ ಮಂಚಕ್ಕೂ ನನ್ನ ಎಡಗಾಲಿನ ಕಿರುಬೆರಳಿಗೂ ಬಹುಕಾಲದ ವೈರವಿದೆ. ಬೆಳಗಿನ ಹಾಲಿನವನು ಗೇಟು ಬಡಿದ ಕೂಡಲೇ ನಾನು ಗಡಬಡಿಸಿ ಏಳುತ್ತೇನೆ. ಎದ್ದವನು, ಹಾಗೊಂದು ನೇಮವಿದ್ದವನಂತೆ, ಮಂಚದ ಕಾಲಿಗೆ ಆ ಬೆರಳನ್ನು ಬಲವಾಗಿ ಅರ್ಪಿಸಿಯೇ ಮುಂದೆ ಹೋಗುತ್ತೇನೆ. ಆಮೇಲೆ ಕೆಲವು ಕ್ಷಣ ಒಂಟಿಕಾಲಿನ ತಪಸ್ಸು, "ಅವ್ವಾ" ಎಂಬ ಮಂತ್ರೋಚ್ಚಾರ, ಮತ್ತು ಆ ಮಂಚ ಮಾಡಿದ ಬಡಿಗನ ಪೂರ್ವಜರ ಸ್ಮರಣೆ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ತೊಳೆಯುತ್ತಿರುವ ನನ್ನ ಹೆಂಡತಿ ಸುಮಿತ್ರಾ ತಲೆಯೆತ್ತದೆಯೇ, ಮಂಚಕ್ಕೇನೂ ಆಗಿಲ್ಲವಷ್ಟೇ ಎಂದು ವಿಚಾರಿಸಿಕೊಳ್ಳುತ್ತಾಳೆ. ನೀವೂ ಎಂದಾದರೂ ಹೀಗೆ ಎಡವಿದ್ದರೆ, ಈ ಬಗೆಯ ನೋವಿಗೆ ಮನೆಯವರಿಂದ ದೊರೆಯುವ ಸಹಾನುಭೂತಿ ಎಷ್ಟೆಂಬುದು ನಿಮಗೂ ತಿಳಿದಿರುತ್ತದೆ.

ಇಷ್ಟು ಸಣ್ಣ ಅವಯವಕ್ಕೆ ಇಷ್ಟು ದೊಡ್ಡ ನೋವನ್ನು ಜೋಡಿಸಿರುವುದು ಸೃಷ್ಟಿಯ ಲೆಕ್ಕದಲ್ಲಾಗಿರುವ ತಪ್ಪೆಂದೇ ನಾನು ಬಹುಕಾಲ ತಿಳಿದಿದ್ದೆ. ಬೆನ್ನಿನಷ್ಟು ವಿಶಾಲವಾದ ಪ್ರದೇಶಕ್ಕೆ ಸೊಳ್ಳೆ ಕಚ್ಚಿದರೂ ಸರಿಯಾಗಿ ತಿಳಿಯದಂತೆ ಮಾಡಿ, ಯಾರೂ ಕರೆಯದೆ ಕಾಲಿನ ಮೂಲೆಯಲ್ಲಿ ಬಂದು ಕುಳಿತ ಈ ಬೆರಳಿಗೆ ಮಾತ್ರ ಅಷ್ಟೊಂದು ಸೂಕ್ಷ್ಮಸಂವೇದನೆಯನ್ನು ದಯಪಾಲಿಸಿದ್ದೇಕೆ? ಆ ಅಭಿಪ್ರಾಯವನ್ನು ನಾನು ಈಚೆಗೆ ಹಿಂತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣಳಾದವಳು ನನ್ನ ಅಕ್ಕ. ಅವಳ ಸುದ್ದಿಗೆ ಬರುವ ಮೊದಲು ನನ್ನದೊಂದು ಚಟದ ಸುದ್ದಿಯನ್ನು ಹೇಳಲೇಬೇಕು.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು. ಅದಕ್ಕೂ ಮೊದಲು ಕಿತ್ತೂರಿನಲ್ಲಿ ಕೆಲಕಾಲ, ರಾಮದುರ್ಗದಲ್ಲಿ ಕೆಲಕಾಲ ಅದನ್ನೇ ಹೇಳಿದವನು. ನಿವೃತ್ತಿಯಾದ ಮೇಲೆ ನನ್ನ ಓರಗೆಯವರಲ್ಲಿ ಒಬ್ಬರು ಭಜನೆ ಹಿಡಿದರು, ಒಬ್ಬರು ಪ್ಲಾಟಿನ ವ್ಯವಹಾರ ಹಿಡಿದರು, ಮತ್ತೊಬ್ಬರು ಬೆಳಗಿನ ವಾಯುವಿಹಾರದಲ್ಲಿ ಪರರ ಹೊಟ್ಟೆಯ ಸುತ್ತಳತೆಯನ್ನು ಗಮನಿಸುವ ವ್ರತ ಹಿಡಿದರು. ನಾನು ಸಂಶೋಧನೆಗೆ ಬಿದ್ದೆ. ಮಾಡುವುದಕ್ಕಲ್ಲ, ಓದುವುದಕ್ಕೆ. ಮೊಬೈಲಿನಲ್ಲಿ ದಿನಬೆಳಗಾದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಏನನ್ನೋ ಕಂಡುಹಿಡಿದಿರುತ್ತಾರೆ. ಕತ್ತರಿಸಿದರೂ ತಾನೇ ಮತ್ತೆ ಕೂಡಿಕೊಳ್ಳುವ ಪ್ಲಾಸ್ಟಿಕ್ಕು, ಹಸಿ ಮಾಂಸಕ್ಕೂ ಅಂಟಿಕೊಳ್ಳುವ ಲೋಳೆಯಂಥ ಪಟ್ಟಿ, ಬಿಸಿ-ತಂಪು-ಒತ್ತಡಗಳನ್ನು ಅರಿಯಬಲ್ಲ ಕೃತಕ ಚರ್ಮ, ಗಾಯದ ಅಂಚಿನಿಂದ ಹೊರಟ ಜೀವಕೋಶಗಳು ಒಂದಕ್ಕೊಂದು ಕೈಹಿಡಿದುಕೊಂಡು ತೆವಳುತ್ತ ಬರುವ ಚಲಚ್ಚಿತ್ರ. ಇವನ್ನೆಲ್ಲ ನೋಡುವಾಗ ನನಗೆ ಆಗುವ ಆನಂದವನ್ನು ಬಣ್ಣಿಸಲಾರೆ. ಕಾಯಲು ಇಟ್ಟ ಹಾಲು ಉಕ್ಕಿ ಒಲೆಯ ಪಾಲಾದದ್ದೂ ಇಂಥ ಆನಂದದ ಮಧ್ಯದಲ್ಲಿಯೇ.

ಸಂಜೆ ಈ ಸುದ್ದಿಯನ್ನು ಹಂಚಲು ನನಗೊಂದು ಪೀಠವಿದೆ. ಪೇಟೆಯಲ್ಲಿ ಚನ್ನಪ್ಪ ಎಂಬ ನನ್ನ ಗೆಳೆಯನ ಬೀಜ-ಗೊಬ್ಬರದ ಅಂಗಡಿ. ಅದರ ಮುಂದಿನ ಬೆಂಚು. ಅಲ್ಲಿ ಕುಳಿತು ನಾನು ಕ್ಯಾನ್ಸರಿನಿಂದ ಹಿಡಿದು ಕೂದಲುದುರುವಿಕೆಯವರೆಗೆ ಎಲ್ಲಕ್ಕೂ ಪರಿಹಾರ ಸಮೀಪಿಸಿರುವುದನ್ನು ಘೋಷಿಸುತ್ತಿದ್ದೆ. ಪ್ರತಿ ಸಲವೂ ಚನ್ನಪ್ಪ ಶಾಂತವಾಗಿ ಒಂದೇ ಪ್ರಶ್ನೆ ಕೇಳುತ್ತಿದ್ದ: ಇದು ಯಾರಿಗೆ ಗುಣವಾಗಿದೆ? ನಾನು ಪ್ರಾಮಾಣಿಕನಾದ್ದರಿಂದ, ಸದ್ಯಕ್ಕೆ ಇಲಿಗಳಿಗೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಹೀಗೆ ನನ್ನ ಪ್ರವಚನದಲ್ಲಿ ಇಲಿಗಳ ಮಧುಮೇಹ ಹೋಯಿತು, ಕುರುಡು ಇಲಿಗಳಿಗೆ ಕಣ್ಣು ಬಂದವು, ಮುದಿ ಇಲಿಗಳು ಚಕ್ರದ ಮೇಲೆ ಓಡತೊಡಗಿದವು. ಕ್ರಮೇಣ ನನಗೆ ಇಲಿ ಮಾಸ್ತರ ಎಂಬ ಬಿರುದೂ ಪ್ರಾಪ್ತವಾಯಿತು. ನಾನು ಬೆಂಚಿನ ಬಳಿ ಬರುವುದೇ ತಡ, "ಇವತ್ತ ಇಲಿಗೆ ಏನ್ ಆರಾಮ ಆತ್ರಿ, ಸರ?" ಎಂದು ಅಂಗಡಿಯೊಳಗಿನಿಂದ ಸ್ವಾಗತ ಬರುತ್ತಿತ್ತು. ಮುಂದಿನ ಜನ್ಮದಲ್ಲಿ ಪ್ರಯೋಗಶಾಲೆಯ ಬಿಳಿ ಇಲಿಯಾಗಿ ಹುಟ್ಟಬೇಕು, ಜ್ವರ ಬರುವ ಮೊದಲೇ ಔಷಧ ಸಿದ್ಧವಿರುತ್ತದೆ ಎಂದು ನಾನೂ ನಗುತ್ತಿದ್ದೆ.

ಈಗ ಅಕ್ಕನ ಸುದ್ದಿ. ಗೌರಕ್ಕ ನನಗಿಂತ ಬಹಳ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಿ ಮುರಗೋಡಕ್ಕೆ ಹೋದಳು. ಮಗ, ಸೊಸೆ, ಮೊಮ್ಮಕ್ಕಳು, ಎಮ್ಮೆ, ಹೊಲ ಎಲ್ಲವೂ ಉಂಟು. ಸಕ್ಕರೆ ಕಾಯಿಲೆಯೂ ಉಂಟು. ಅದಕ್ಕೆ ಗುಳಿಗೆಯನ್ನು ನೆನಪಾದಾಗ ನುಂಗುತ್ತಾಳೆ, ನೆನಪಾಗದಿದ್ದರೆ ಸಕ್ಕರೆಯೂ ತನ್ನನ್ನು ಮರೆತಿರಬಹುದೆಂದು ಭಾವಿಸುತ್ತಾಳೆ. ಅವಳ ಮುಖ್ಯ ದೋಷವೆಂದರೆ ಕೂಡಲಾರಳು. ಮನೆಗೆ ಬಂದವರನ್ನೆಲ್ಲ ಕೂಡಿಸುತ್ತಾಳೆ, ತಾನು ಮಾತ್ರ ನಿಂತೇ ಮಾತಾಡುತ್ತಾಳೆ, ಮಾತಾಡುತ್ತಲೇ ರೊಟ್ಟಿ ಬಡಿಯುತ್ತಾಳೆ. ಅವಳು ಕುಳಿತಿರುವ ಫೋಟೋ ನಮ್ಮ ವಂಶದಲ್ಲಿ ಯಾರ ಹತ್ತಿರವೂ ಇಲ್ಲ.

ಕಳೆದ ಬೇಸಿಗೆಯ ಒಂದು ಮಂಗಳವಾರ ಅವಳು ಸೊಸೆಯೊಂದಿಗೆ ಸವದತ್ತಿಯ ಗುಡ್ಡಕ್ಕೆ ಯಲ್ಲವ್ವನ ದರ್ಶನಕ್ಕೆ ಹೋದಳು. ನಡುಮಧ್ಯಾಹ್ನ. ಅಲ್ಲಿ ಹಾಸುಗಲ್ಲಿನ ಅಂಗಳ ಬೇಸಿಗೆಯಲ್ಲಿ ಹೇಗಿರುತ್ತದೆಂಬುದನ್ನು ಬರಿಗಾಲಲ್ಲಿ ಹೋದವರಿಗೆ ವಿವರಿಸಬೇಕಿಲ್ಲ. ಜನ ಕುಣಿಯುತ್ತ, ನೆರಳಿನಿಂದ ನೆರಳಿಗೆ ಹಾರುತ್ತ, ದೇವಿಯ ಹೆಸರನ್ನೂ ಅಯ್ಯಯ್ಯೋವನ್ನೂ ಒಟ್ಟಿಗೇ ಕೂಗುತ್ತ ಓಡುತ್ತಿದ್ದರೆ, ಗೌರಕ್ಕ ಮಾತ್ರ ಹಸಿ ಹುಲ್ಲಿನ ಮೇಲೆ ಹೋದಂತೆ ನಿಧಾನವಾಗಿ ನಡೆದುಹೋದಳು. ಅಂಗಳದ ನಟ್ಟನಡುವೆ ನಿಂತು ಹಣೆಗೆ ಭಂಡಾರದ ಅರಿಷಿಣ ಹಚ್ಚಿಕೊಂಡಳು, ಕೈಮುಗಿದಳು, ಮನೆಮಂದಿಯ ಹೆಸರುಗಳನ್ನೆಲ್ಲ ಒಂದೊಂದಾಗಿ ದೇವಿಗೆ ಒಪ್ಪಿಸಿದಳು. ಬಾಗಿಲ ಹತ್ತಿರ ಭಂಡಾರ-ಕುಂಕುಮ ಮಾರುವ ಮನೋಳಿ ಊರಿನ ಹೆಣ್ಣುಮಗಳೊಬ್ಬಳು ಇದನ್ನು ನೋಡಿ ಎದ್ದುಬಂದು ಅವಳ ಕಾಲಿಗೆ ಬಿದ್ದಳು. ಕಲ್ಲು ಸುಡದ ಕಾಲು ಸಾಮಾನ್ಯರದ್ದಲ್ಲವೆಂದು ಅವಳ ತೀರ್ಮಾನ. ಮತ್ತೆ ನಾಲ್ಕು ಜನ ಬಿದ್ದರು. ಸೊಸೆಯೂ ಬಿದ್ದಳಂತೆ, ಮುರಗೋಡದಲ್ಲಿ ಅತ್ತೆ-ಸೊಸೆಯರ ಚರಿತ್ರೆ ಬಲ್ಲವರು ಇದನ್ನೇ ದೊಡ್ಡ ಪವಾಡವೆಂದು ಎಣಿಸಿದರು.

ಸ್ವಲ್ಪ ದಿನಕ್ಕೆ ಗೌರಕ್ಕ ನಮ್ಮ ಸಂಬಂಧಿಕರೊಬ್ಬರ ಬಸುರಿ ಸೊಸೆಯ ಕುಬಸದ ಕಾರ್ಯಕ್ರಮಕ್ಕೆಂದು ಬೈಲಹೊಂಗಲಕ್ಕೆ ಬಂದು ನಮ್ಮಲ್ಲಿ ಇಳಿದುಕೊಂಡಳು. ಬಂದವಳ ಮುಖದಲ್ಲಿ ಹೊಸದೊಂದು ತೇಜಸ್ಸಿತ್ತು. ಗುಡ್ಡದ ಪ್ರಸಂಗವನ್ನು ತಾನಾಗಿ ಹೇಳಲಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದು, ಕೇಳಿದ ಮೇಲೆ ಬಹಳ ಸಂಕೋಚದಿಂದ, ಒಂದು ವಿವರವನ್ನೂ ಬಿಡದೆ ಹೇಳಿದಳು. ಬಾಳಿನುದ್ದಕ್ಕೂ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳನ್ನು, ಒಮ್ಮೆಯಾದರೂ ದೇವಿ ಸಾಲಿನಿಂದ ಮುಂದೆ ಕರೆದು ನಿಲ್ಲಿಸಿದ್ದಳು. ಅವಳ ಸಂತೋಷ ಕಂಡು ನಮಗೂ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಸುಮಿತ್ರಾ ನೆಲ ಒರೆಸಿ ಹಿಂದಿರುಗಿ ನೋಡಿದರೆ, ಗೌರಕ್ಕ ನಡೆದುಹೋದಲ್ಲೆಲ್ಲ ಹೆಜ್ಜೆಗೊಂದು ಕೆಂಪು ಗುರುತು. ಅಕ್ಕಾರು ಕುಂಕುಮ ತುಳಿದಿರಬೇಕೆಂದು ಅವಳು ಬಟ್ಟೆ ಹಿಡಿದು ಹಿಂದೆ ಹೋದಳು. ಕುಂಕುಮವಲ್ಲ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಅಂಗಾಲು ಬಿರಿದು ಗುಂಡಗಿನ ಗಾಯವಾಗಿತ್ತು. ಅದರ ತುಂಬ ಗುಡ್ಡದಿಂದ ತಂದ ಭಂಡಾರ ಮೆತ್ತಿತ್ತು. ಒಂದೆರಡು ಬೊಬ್ಬೆ ಎದ್ದಿದ್ದವು, ಭಂಡಾರ ಹಚ್ಚಿದ್ದೇನೆ, ಯಲ್ಲವ್ವ ನೋಡಿಕೊಳ್ಳುತ್ತಾಳೆ ಎಂದು ಗೌರಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಸುಮಿತ್ರಾ ಹೌಹಾರಿ ಬೆರಳಿನಿಂದ ಗಾಯದ ಪಕ್ಕವನ್ನು ಒತ್ತಿ ನೋಯುತ್ತದೆಯೇ ಎಂದು ಕೇಳಿದರೆ, ಎಲ್ಲಿ ಒತ್ತುತ್ತಿದ್ದೀಯವ್ವಾ ಎಂದು ತಿರುಗಿ ಕೇಳಿದಳು. ಸಕ್ಕರೆ ಕಾಯಿಲೆಯ ಇಲಿಗಳ ಬಗ್ಗೆ ಓದಿದ್ದೆಲ್ಲ ನನಗೆ ಒಮ್ಮೆಲೇ ನೆನಪಿಗೆ ಬಂತು; ಆಗಲೇ ಅವಳನ್ನು ದವಾಖಾನೆಗೆ ಕರೆದೊಯ್ದೆವು.

ದವಾಖಾನೆಯಲ್ಲಿದ್ದವರು ರಾಮದುರ್ಗದ ಕಡೆಯ ತರುಣಿ ವೈದ್ಯೆ. ಮೃದುವಾದ ಮಾತು, ಕಠಿಣವಾದ ಕಣ್ಣು. ಗಾಯ ತೊಳೆದು ನೋಡಿದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಸಣ್ಣ ಹಿಡಿಕೆ ತೆಗೆದರು; ಅದರ ತುದಿಯಲ್ಲಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ನೀವು ಕಣ್ಣು ಮುಚ್ಚಿರಿ, ಎಳೆ ತಾಗಿದ್ದು ತಿಳಿದಾಗ ಹೂಂ ಅನ್ನಿರಿ ಎಂದರು. ಅಂಗಾಲಿನ ಅಲ್ಲಲ್ಲಿ ಎಳೆಯನ್ನು ಒತ್ತತೊಡಗಿದರು. ಗೌರಕ್ಕ ಕಣ್ಣು ಮುಚ್ಚಿ, ಪುರಾಣ ಕೇಳುವವರಂತೆ ತಲೆದೂಗುತ್ತ, ಹೂಂ, ಹೂಂ ಎನ್ನುತ್ತಲೇ ಹೋದಳು. ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ನೋಡುತ್ತೇನೆ, ವೈದ್ಯೆ ಎಳೆಯನ್ನು ಒತ್ತುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾರೆ. ಗೌರಕ್ಕ ಮಾತ್ರ ಹೂಂ ಎನ್ನುತ್ತಲೇ ಇದ್ದಾಳೆ.

ಆಮೇಲೆ ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇದು: ಪಾಪ, ಆ ಹುಡುಗಿ ಅಷ್ಟು ಕಳಕಳಿಯಿಂದ ಕೇಳುತ್ತಿತ್ತು, ಇಲ್ಲ ಅನ್ನುವುದಕ್ಕೆ ಮನಸ್ಸಾಗಲಿಲ್ಲ. ಎದುರಿನವರಿಗೆ ಬೇಸರವಾಗದಂತೆ ಉತ್ತರ ಕೊಡುವ ಈ ನಮ್ಮ ಸೀಮೆಯ ದಾಕ್ಷಿಣ್ಯಕ್ಕೆ ಯಾವ ಯಂತ್ರ ತಾನೇ ಏನು ಮಾಡೀತು! ಊಟ ಸಾಕೇ ಎಂದರೆ ಹಸಿದಿದ್ದರೂ ಸಾಕು ಎನ್ನುವ, ಆರಾಮವೇ ಎಂದರೆ ಜ್ವರದಲ್ಲಿಯೂ ಆರಾಮ ಎನ್ನುವ ಜನ ನಾವು. ಪದಾರ್ಥವಿಜ್ಞಾನದ ಮಹಾಮಹಿಮೆಗಳನ್ನೆಲ್ಲ ಬೆಂಚಿನ ಮೇಲೆ ಸಾರಿದ್ದ ನನಗೆ, ಅವಳ ಕಾಲಿನ ನಿಜವನ್ನು ಹೇಳಿದ ಪದಾರ್ಥ ಗೇಣುದ್ದವೂ ಇಲ್ಲದ ಒಂದು ನೈಲಾನ್ ಎಳೆ.

ವೈದ್ಯೆ ಬಿಡಿಸಿ ಹೇಳಿದರು. ಸಕ್ಕರೆ ಬಹಳ ಏರಿದೆ. ಪಾದಗಳ ನರಗಳು ಎಷ್ಟೋ ದಿನಗಳಿಂದ ಜೋಮುಗಟ್ಟಿವೆ. ಸುಟ್ಟರೂ ಚುಚ್ಚಿದರೂ ಸುದ್ದಿ ಮೇಲಕ್ಕೆ ಹೋಗುವುದಿಲ್ಲ. ಗುಡ್ಡದ ಕಲ್ಲಿನ ಮೇಲೆ ಅಂಗಾಲು ಬೆಂದಿದೆ, ಅದರ ಮೇಲೆಯೇ ಓಡಾಡಿದ್ದಾರೆ. ಗಾಯ ಇನ್ನೂ ಎಲುಬಿಗೆ ಮುಟ್ಟಿಲ್ಲ. ಮುಟ್ಟಿದರೆ ಬೆರಳು ತೆಗೆಯಬೇಕಾದೀತು, ನಿರ್ಲಕ್ಷ್ಯ ಮಾಡಿದರೆ ಪಾದವೇ ಹೋದೀತು. ಹೊಸ ಔಷಧಿ, ಹೊಸ ಪಟ್ಟಿ ಏನಾದರೂ ಬಂದಿವೆಯಲ್ಲವೇ ಎಂದು ನಾನು ನನ್ನ ಪಾಂಡಿತ್ಯವನ್ನು ಮೆಲ್ಲಗೆ ಹೊರತೆಗೆದೆ. ಬಂದಿವೆ ಸರ್, ಬೇಕಾದರೆ ನೋಡೋಣ ಎಂದು ನಕ್ಕು, ಸಕ್ಕರೆ ಇಳಿಯಬೇಕು, ಗಾಯ ಶುಚಿಯಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಇವರು ಆ ಕಾಲಿನ ಮೇಲೆ ಭಾರ ಹಾಕಕೂಡದು ಎಂದರು. ಅಂದರೆ ಗೌರಕ್ಕ ಕೂಡಬೇಕು. ಸುಮಿತ್ರಾ ನನ್ನ ಮುಖ ನೋಡಿದಳು. ಇದಕ್ಕಿಂತ ಶಸ್ತ್ರಚಿಕಿತ್ಸೆಯೇ ಸುಲಭವೆಂದು ನಮ್ಮಿಬ್ಬರಿಗೂ ಅನಿಸಿತು.

ಸಂಜೆ ಗೌರಕ್ಕನನ್ನು ಪಡಸಾಲೆಯಲ್ಲಿ ದಿಂಬಿನ ಮೇಲೆ ಕಾಲು ಚಾಚಿ ಕೂಡಿಸಿದ್ದೆವು. ಬೆರಳು ಹೋದೀತೆಂದು ಹೆದರಿರಬೇಕೆಂದು ನಾನು ಧೈರ್ಯ ಹೇಳಲು ಹತ್ತಿರ ಕುಳಿತೆ. ಅವಳ ಚಿಂತೆ ಬೇರೆಯೇ ಆಗಿತ್ತು.

"ತಮ್ಮಾ, ಹಂಗಾರ ಅವತ್ತ ಗುಡ್ಡದಾಗ ಕಲ್ಲ ಸುಡಲಿಲ್ಲಲಾ, ಅದು ಅವ್ವನ ಕೃಪಾ ಅಲ್ಲೇನೋ?"

ಯಾರೂ ಕೇಳದಿದ್ದರೂ ಬೆಂಚಿನ ಮೇಲೆ ಲೋಕದ ರಹಸ್ಯಗಳನ್ನೆಲ್ಲ ವಿವರಿಸುತ್ತಿದ್ದವನು ನಾನು. ನರಕೋಶದ ಉದ್ದನೆಯ ತಂತು ಸಕ್ಕರೆಯಿಂದ ಹೇಗೆ ಸೊರಗುತ್ತದೆ, ಬೆನ್ನುಹುರಿಯಿಂದ ಅತಿ ದೂರವಿರುವ ಪಾದವೇ ಮೊದಲು ಏಕೆ ಮರಗಟ್ಟುತ್ತದೆ, ಎಲ್ಲವೂ ನನಗೆ ಗೊತ್ತಿತ್ತು. ಅದನ್ನು ಹೇಳಿದರೆ ಅವಳಿಂದ ಏನು ಕಿತ್ತುಕೊಂಡಂತಾಗುತ್ತದೆ ಎಂಬುದೂ ಗೊತ್ತಿತ್ತು. ನನಗೇನು ತಿಳಿಯುತ್ತದಕ್ಕಾ, ನಾನು ರಸಾಯನಶಾಸ್ತ್ರದವನು ಎಂದುಬಿಟ್ಟೆ.

"ಗೊತ್ತೈತಿ ನಿನಗ. ಹೇಳಾಕ ಆಗವಲ್ದು," ಎಂದಳು. ಕೋಪವಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಸಂಜೆ ನಾನು ಪೇಟೆಯ ಬೆಂಚಿಗೆ ಹೋಗಲಿಲ್ಲ. ನನ್ನ ಅಕ್ಕನ ಕಾಲನ್ನೂ ಉಳಿಸಿ, ಅವಳ ಮನಸ್ಸನ್ನೂ ಉಳಿಸುವ ಉಪಾಯ ಯಾವ ಪ್ರಯೋಗಶಾಲೆಯಿಂದಲೂ ಬಂದಿರಲಿಲ್ಲ. ಬಹಳ ಸಂಕಟವಾಯಿತು.

ಮುಂದಿನ ಸಮಸ್ಯೆ ಚಪ್ಪಲಿಯದು. ಬರಿಗಾಲನ್ನು ನೆಲಕ್ಕೆ ಇಡಲೇಕೂಡದು, ನಾಲ್ಕು ಹೆಜ್ಜೆ ಇಡಲೇಬೇಕಾದಾಗ ಮೆತ್ತನೆಯ ರಬ್ಬರಿನ ವಿಶೇಷ ಚಪ್ಪಲಿ ಹಾಕಿಕೊಂಡೇ ಇಡಬೇಕು, ಮನೆಯೊಳಗೂ ಹಾಗೆಯೇ ಎಂದು ವೈದ್ಯೆಯ ಅಪ್ಪಣೆ. ದವಾಖಾನೆಯವರೇ ಅಳತೆ ತೆಗೆದುಕೊಂಡು ಮಾಡಿಸಿ ಕೊಟ್ಟರು. ಒಳಗೆ ಲಕ್ಷಾಂತರ ಗಾಳಿಯ ಗುಳ್ಳೆಗಳಿರುವ ರಬ್ಬರು. ದೇಹದ ಭಾರ ಒಂದೇ ಕಡೆ ಬೀಳದಂತೆ ಇಡೀ ಅಂಗಾಲಿಗೆ ಹಂಚುತ್ತದೆ. ಗಾಯದ ಕೆಳಗೆ ಕುಣಿಯೊಂದನ್ನು ಕೊರೆದಿದ್ದರು. ನಾನು ಅದರ ರಚನೆಯನ್ನು ಉತ್ಸಾಹದಿಂದ ವಿವರಿಸಿದೆ. ಗೌರಕ್ಕ ಸಾವಧಾನವಾಗಿ ಕೇಳಿ, ಅದೆಲ್ಲ ಬರೋಬರಿ, ಆದರೆ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಬರಲು ತಾನೇನು ಸಿನಿಮಾದವಳೇ ಎಂದು ಕೇಳಿದಳು. ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಯನ್ನು ಒಳಗೆ ತರುವುದೆಂದರೆ ನಮ್ಮ ಮನೆತನದಲ್ಲಿ ಎಮ್ಮೆಯನ್ನು ದೇವರ ಮನೆಯಲ್ಲಿ ಕಟ್ಟಿದ ಹಾಗೆ. ಎರಡು ದಿನ ಚಪ್ಪಲಿ ಹೊರಗೆ, ಅಕ್ಕ ಒಳಗೆ. ನಾವು ಆ ಕಡೆ ತಿರುಗಿದರೆ ಸಾಕು, ಬರಿಗಾಲಲ್ಲಿ ಎದ್ದು ನಿಂತಿರುತ್ತಿದ್ದಳು.

ದಾರಿ ಕಂಡುಹಿಡಿದವಳು ಸುಮಿತ್ರಾ. ಹೊಸ ಚಪ್ಪಲಿಯನ್ನು ತೊಳೆದು ಒರೆಸಿ, ಹೊಸ್ತಿಲ ಮೇಲೆ ಮಣೆ ಹಾಕಿ ಅದರ ಮೇಲಿಟ್ಟಳು. ಹೊಸ ಟ್ರ್ಯಾಕ್ಟರು ಮನೆಗೆ ಬಂದಾಗ ಮಾಡುವಂತೆ ಅರಿಷಿಣ-ಕುಂಕುಮ ಹಚ್ಚಿದಳು, ಊದುಬತ್ತಿ ಬೆಳಗಿದಳು, ಕಾಯಿ ಒಡೆದಳು. ಇದು ಇನ್ನು ಚಪ್ಪಲಿಯಲ್ಲ, ಔಷಧಿ; ಮನೆಯಿಂದ ಹೊರಗೆ ಒಂದು ಹೆಜ್ಜೆಯೂ ಹೋಗುವುದಿಲ್ಲ, ಹೊರಗೆ ಬೇರೆಯದೇ ಜೋಡು ಎಂದು ಶಾಸನ ಮಾಡಿದಳು. ಎದುರು ಮನೆಯವರು ಗೇಟಿನ ಹತ್ತಿರ ಬಂದು ಇದನ್ನೆಲ್ಲ ನೋಡಿ, ಸರ್ ಮನೆಗೆ ಗಾಡಿ ತಂದರೋ ಎಂದು ವಿಚಾರಿಸಿದರು. ಗೌರಕ್ಕ ಸ್ವಲ್ಪ ಹೊತ್ತು ಯೋಚಿಸಿ, ಕುಂಕುಮ ಕೆಡದಂತೆ ಜಾಗರೂಕತೆಯಿಂದ ಕಾಲು ತೂರಿಸಿದಳು. ದೇವರ ಮನೆಗೆ ಮಾತ್ರ ಅದನ್ನೂ ಒಯ್ಯಲಿಲ್ಲ. ಹೊಸ್ತಿಲ ಹೊರಗೆ ಸ್ಟೂಲು ಹಾಕಿಸಿಕೊಂಡು, ಕಾಲುಗಳನ್ನು ಹೊರಗೆ ಬಿಟ್ಟು, ಉಳಿದ ಮೈಯನ್ನು ಒಳಗೆ ಬಾಗಿಸಿ ದೀಪ ಹಚ್ಚುತ್ತಿದ್ದಳು. ಆದರೆ ಯಲ್ಲವ್ವನ ಫೋಟೋದ ಕಡೆ ಮಾತ್ರ ಮೊದಲಿನಂತೆ ನೇರವಾಗಿ ನೋಡುತ್ತಿರಲಿಲ್ಲ. ದೀಪ ಹಚ್ಚಿ ಬೇಗ ಮುಖ ಹಿಂತೆಗೆಯುತ್ತಿದ್ದಳು, ಸಾಲಿನಲ್ಲಿ ತನ್ನದಲ್ಲದ ಜಾಗದಲ್ಲಿ ನಿಂತು ಸಿಕ್ಕಿಬಿದ್ದವರಂತೆ.

ಇನ್ನು ಕೂಡುವುದು. ಚಪ್ಪಲಿ ಬಂದ ಮೇಲೆ ಓಡಾಡಲು ಲೈಸೆನ್ಸು ಸಿಕ್ಕಿತೆಂದು ಅವಳು ಭಾವಿಸಿದಳು. ಬೆರಳು ಹೋಗುತ್ತದೆ ಎಂದು ಹೆದರಿಸಿದೆವು. ಈ ವಯಸ್ಸಿನಲ್ಲಿ ಬೆರಳು ಇಟ್ಟುಕೊಂಡು ಏನು ಮಾಡಲಿ ಎಂದಳು. ಮಗ ಮುರಗೋಡದಿಂದ ಬಂದು ಅತ್ತ; ಅವನಿಗೆ ಶೇಂಗಾ ಚಟ್ನಿ ಅರೆದುಕೊಡಲು ಎದ್ದಳು. ಕಡೆಗೆ ಬೇರೇನೂ ತೋಚದೆ ನಾನು ಒಂದು ಮಧ್ಯಾಹ್ನ ನನ್ನ ಮೊಬೈಲನ್ನು ಅವಳ ಕೈಗಿಟ್ಟು, ಗಾಯ ಮಾಯುವ ಆ ಚಲಚ್ಚಿತ್ರವನ್ನು ತೋರಿಸಿದೆ. ಮಧ್ಯದಲ್ಲಿ ಬಯಲು, ಎರಡೂ ದಂಡೆಗಳಿಂದ ಜೀವಕೋಶಗಳು ಮೆಲ್ಲಮೆಲ್ಲನೆ ತೆವಳುತ್ತ ಬರುತ್ತಿವೆ. ಒಂದು ಮುಂದೆ ಚಾಚುತ್ತದೆ, ಹಿಂದಿನದನ್ನು ಬಿಡದೆ ಎಳೆದುಕೊಂಡು ಬರುತ್ತದೆ. ಇವು ನಿನ್ನ ಕಾಲಿನ ಗಾಯದಲ್ಲಿಯೂ ಹೀಗೆಯೇ ಹೊರಟಿರುತ್ತವೆ ಎಂದೆ. ಸಕ್ಕರೆ ಹೆಚ್ಚಾದ ರಕ್ತದಲ್ಲಿ ಇವಕ್ಕೆ ತ್ರಾಣವಿರುವುದಿಲ್ಲ. ನಂಜಿನೊಡನೆ ಕಾದಾಡಲು ಬಂದ ಕೋಶಗಳು ಕಾದಾಟ ಮುಗಿದ ಮೇಲೂ ಅಲ್ಲಿಯೇ ಗದ್ದಲ ಹಾಕುತ್ತಿರುತ್ತವೆ, ರಿಪೇರಿಯ ಕೆಲಸಕ್ಕೆ ಇಳಿಯುವುದಿಲ್ಲ. ಅಷ್ಟರ ನಡುವೆ ಈ ಬಡಪಾಯಿಗಳು ಕೂದಲೆಳೆಯಷ್ಟು ಮುಂದೆ ಬಂದಿರುತ್ತವೆ, ನೀನು ಎದ್ದು ನಿಂತರೆ ಎಲ್ಲ ಅರೆದುಹೋಗುತ್ತವೆ ಎಂದು ಹೇಳಿದೆ.

ಗೌರಕ್ಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಮತ್ತೊಮ್ಮೆ ಹಚ್ಚು ಎಂದಳು. ಅವಕ್ಕೆ ಕಣ್ಣು ಉಂಟೇ ಎಂದು ಕೇಳಿದಳು, ಇಲ್ಲ ಎಂದೆ. ಕಣ್ಣಿಲ್ಲದೆ ದಾರಿ ಹೇಗೆ ಹಿಡಿಯುತ್ತವೆ ಎಂದಳು; ಒಂದನ್ನೊಂದು ಮುಟ್ಟಿಕೊಂಡೇ ಎಂದೆ. ಆಮೇಲೆ ತನ್ನ ಬ್ಯಾಂಡೇಜು ಸುತ್ತಿದ ಕಾಲನ್ನು ಎರಡೂ ಕೈಯಿಂದ ಎತ್ತಿ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ದಿಂಬಿನ ಮೇಲಿಟ್ಟಳು.

"ನನ್ನ ಸಲುವಾಗಿ ಅಂದ್ರ ನಾ ಕುಂದ್ರಾಕಿ ಅಲ್ಲ. ಇವು ಪಾಪ, ಅಷ್ಟ ದೂರದಿಂದ ಬರಾಕ ಹತ್ತ್ಯಾವು. ಇವುಕ್ಕಾಗಿ ಕುಂದ್ರತೇನಿ."

ಕುಳಿತಳು. ನಿಜವಾಗಿಯೂ ಕುಳಿತಳು. ಕುಳಿತಲ್ಲಿಂದಲೇ ಬೆಳ್ಳುಳ್ಳಿ ಸುಲಿದಳು, ಅವರೆ ಬಿಡಿಸಿದಳು, ಸುಮಿತ್ರಾಳ ರೊಟ್ಟಿಯ ಅಂಚು ದಪ್ಪವಾಗಿರುವುದನ್ನು ದೂರದಿಂದಲೇ ಗುರುತಿಸಿದಳು. ಯಾರಾದರೂ ಅವಳ ಕಾಲ ಹತ್ತಿರ ಜೋರಾಗಿ ನಡೆದರೆ ಗದರಿಸುತ್ತಿದ್ದಳು. ಸಿಹಿ ಮುಂದೆ ಬಂದರೆ, ತನಗೇನೋ ಬೇಕು, ಆದರೆ ಅವಕ್ಕೆ ಆಗುವುದಿಲ್ಲ ಎಂದು ತಟ್ಟೆ ಸರಿಸುತ್ತಿದ್ದಳು. ಗುಳಿಗೆಯನ್ನೂ ಅವುಗಳ ಹೆಸರಿನಲ್ಲಿಯೇ ನುಂಗಿದಳು. ಮನೆಗೆ ಬಂದ ಅತಿಥಿಗಳ ಸಲುವಾಗಿ ಜೀವಮಾನವೆಲ್ಲ ನಿಂತವಳು, ಕಾಲಿಗೆ ಬಂದ ಅತಿಥಿಗಳ ಸಲುವಾಗಿ ಕುಳಿತಳು ಎಂದು ನಾನು ಬೆಂಚಿನ ಮೇಲೆ ವರದಿ ಮಾಡಿದೆ. ಆ ದಿನದಿಂದ ಚನ್ನಪ್ಪ ಇಲಿಯ ಆರೋಗ್ಯ ವಿಚಾರಿಸುವುದನ್ನು ಬಿಟ್ಟು, ಅಕ್ಕಾರ ಕಾಲು ಹೇಗಿದೆ ಎಂದು ಕೇಳತೊಡಗಿದ. ಸಂಶೋಧನೆಯ ವಿಷಯದಲ್ಲಿ ಅವನು ಇಷ್ಟೊಂದು ಆಸಕ್ತಿ ತೋರಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಗೌರಕ್ಕ ನಮ್ಮ ಮನೆಯಲ್ಲಿಯೇ ಉಳಿದಳು, ಮಳೆಗಾಲ ಬಂದು ಹೋಯಿತು. ಗಾಯದ ಅಂಚು ದಿನಕ್ಕಿಷ್ಟು ಒಳಗೆ ಸರಿಯುತ್ತ, ಒಮ್ಮೆ ನಿಂತು, ಒಮ್ಮೆ ಹಿಂದೆ ಹೋಗಿ ನಮ್ಮನ್ನು ಹೆದರಿಸಿ, ಮತ್ತೆ ಹೊರಟು, ಕೊನೆಗೆ ಎರಡೂ ದಂಡೆಗಳು ಕೂಡಿಕೊಂಡವು. ಬೆರಳು ಉಳಿಯಿತು. ವೈದ್ಯೆ ಮತ್ತೆ ನೈಲಾನ್ ಎಳೆ ತೆಗೆದು ನೋಡಿದರು. ಈ ಸಲ ಗೌರಕ್ಕ ದಾಕ್ಷಿಣ್ಯ ತೋರಲಿಲ್ಲ. ಕಣ್ಣು ಮುಚ್ಚಿ ಸುಮ್ಮನೇ ಕುಳಿತಳು. ಎಳೆ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಸುಮ್ಮನಿದ್ದಳು. ಗಾಯ ಮಾಯ್ದಿತ್ತು, ಸ್ಪರ್ಶ ಮರಳಿರಲಿಲ್ಲ. ಮರಳುವ ಭರವಸೆಯನ್ನೂ ವೈದ್ಯೆ ಕೊಡಲಿಲ್ಲ. ಇನ್ನು ಮೇಲೆ ಕಾಲಿನ ಕೆಲಸವನ್ನು ಕಣ್ಣು ಮಾಡಬೇಕು, ದಿನಾಲೂ ಅಂಗಾಲು ನೋಡಿಕೊಳ್ಳಬೇಕು ಎಂದರು. ಗೌರಕ್ಕ ಎಲ್ಲಕ್ಕೂ ಒಪ್ಪಿ, ಒಂದೇ ಒಂದು ಕೇಳಿಕೊಂಡಳು: ಗುಡ್ಡಕ್ಕೆ ಒಮ್ಮೆ ಹೋಗಿಬರಬೇಕು. ದಪ್ಪನೆಯ ಕಾಲುಚೀಲ ಹಾಕಿಕೊಂಡು, ಬೆಳಗಿನ ತಂಪಿನಲ್ಲಿ ಹೋಗಿ, ಬಿಸಿಲೇರುವ ಮೊದಲೇ ಇಳಿಯಬೇಕೆಂಬ ಕರಾರಿನ ಮೇಲೆ ಅನುಮತಿ ಸಿಕ್ಕಿತು.

ಬೆಳಗಿನ ತಂಪು ನಮ್ಮ ಅಡುಗೆಮನೆಯಲ್ಲಿಯೇ ಮುಗಿಯಿತು. ನೈವೇದ್ಯದ ಹೋಳಿಗೆಯನ್ನು ತನ್ನ ಕೈಯಿಂದಲೇ ಮಾಡಬೇಕೆಂದು ಗೌರಕ್ಕ ಹಟ ಹಿಡಿದಳು. ಹೋಳಿಗೆ ಮುಗಿಸಿ, ಗಾಡಿ ಹತ್ತಿ, ಗುಡ್ಡ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಮಳೆಗಾಲ ಕಳೆದ ಬಿಸಿಲು ಬೇಸಿಗೆಯದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಜೋಡುಗಳನ್ನು ಕೆಳಗೆ ಬಿಟ್ಟೆವು. ಕಾಲುಚೀಲ ಎಳೆದುಕೊಂಡು ಗೌರಕ್ಕ ಅಂಗಳದ ಅಂಚಿಗೆ ಬಂದು ನಿಂತಳು. ಕಲ್ಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ, ನೀನು ಮುಂದೆ ನಡಿ ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಬರಿಗಾಲನ್ನು ಕಲ್ಲಿನ ಮೇಲಿಟ್ಟ ಕೂಡಲೇ ತಿಳಿಯಿತು. ಸುಡುತ್ತದೆಯೇ ಎಂದು ಹಿಂದಿನಿಂದ ಕೇಳಿದಳು. ಸುಡುತ್ತದೆ ಎಂದು ಹಾರಿದೆ. ಇಲ್ಲಿ? ಇಲ್ಲಿಯೂ. ಆ ಕಂಬದ ನೆರಳಿನಲ್ಲಿ? ಅಲ್ಲಿ ತಂಪು. ಅವಳು ನೆರಳಿನೊಳಗೆ ಕಾಲಿಟ್ಟಳು. ನೀರು ಹೊಡೆದ ಕಡೆ? ಅಲ್ಲಿ ಪರವಾಗಿಲ್ಲ. ಅವಳು ಅಲ್ಲಿಗೆ ಬಂದಳು. ಹೀಗೆ ನಾನು ಕುಣಿಯುತ್ತ, ಸುಡುತ್ತದೆ-ಸುಡುವುದಿಲ್ಲ ಎಂದು ಕೂಗುತ್ತ ಮುಂದೆ, ಅವಳು ನನ್ನ ಮಾತನ್ನೇ ಹೆಜ್ಜೆಯಾಗಿಸಿಕೊಂಡು ಹಿಂದೆ. ಬಿಸಿಯನ್ನು ಅರಿತು ತಿಳಿಸುವ ಕೃತಕ ಚರ್ಮದ ಬಗ್ಗೆ ಬೆಂಚಿನ ಮೇಲೆ ಎಷ್ಟೋ ಸಲ ಭಾಷಣ ಮಾಡಿದ್ದೆ; ಆ ಉಪಕರಣವಾಗಿ ಸ್ವತಃ ಕುಣಿಯುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತೆಂದು ಗೊತ್ತಿರಲಿಲ್ಲ. ಪ್ರಯೋಗದ ಇಲಿಯಾಗಬೇಕೆಂಬ ಆಸೆಯೂ ಇದೇ ಜನ್ಮದಲ್ಲಿ ಈಡೇರಿತು. ಸುಮಿತ್ರಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ನಗು ತಡೆಯಲಾರದೆ ಕಂಬಕ್ಕೆ ಒರಗಿದಳು.

ಬಾಗಿಲ ಹತ್ತಿರ ಬಂದಾಗ ಮನೋಳಿಯ ಆ ಹೆಣ್ಣುಮಗಳು ತನ್ನ ಭಂಡಾರದ ಬುಟ್ಟಿಯ ಹಿಂದಿನಿಂದ ಗುರುತು ಹಿಡಿದಳು. ಕಲ್ಲು ಸುಡದ ತಾಯಿ ಬಂದಳೆಂದು ಎದ್ದು, ಬಾಗಿ, ಗೌರಕ್ಕನ ಕಾಲು ಮುಟ್ಟಲು ಕೈ ಚಾಚಿದಳು. ಗೌರಕ್ಕ ಆ ಕೈಯನ್ನು ಮಧ್ಯದಲ್ಲಿಯೇ ಹಿಡಿದುಕೊಂಡಳು.

"ಬ್ಯಾಡವಾ. ನನ್ನ ಕಾಲಿಗೆ ಗೊತ್ತಾಗಂಗಿಲ್ಲ, ಅದು ಬ್ಯಾನಿ. ಅವತ್ತ ಅವ್ವ ನನ್ನ ಕಾಲಾಗ ಇರಲಿಲ್ಲ." ಇಷ್ಟು ಹೇಳಿ ಅವಳು ಗರ್ಭಗುಡಿಯ ಕಡೆಗೆ, ಬಹಳ ದಿನಗಳ ಮೇಲೆ ಮೊದಲ ಸಲ, ನೇರವಾಗಿ ನೋಡಿದಳು. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಇವತ್ತ ಬಂದಾಳ ನೋಡ, ನನ್ನ ತಮ್ಮನ ಕಾಲಾಗ."

ಆ ಹೆಣ್ಣುಮಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಂಬಿಕೆ ಬರಲು ತುಸು ಕಷ್ಟವಾದಂತಿತ್ತು. ಆದರೂ ಬಾಗಿ, ಒಂದಾದ ಮೇಲೊಂದು ಎತ್ತುತ್ತಿದ್ದ ನನ್ನ ಕಾಲುಗಳಲ್ಲಿ ಕೆಳಗಿದ್ದುದನ್ನು ಹಿಡಿದು, ಭಂಡಾರ ಹಚ್ಚಿ ಕಣ್ಣಿಗೊತ್ತಿಕೊಂಡಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಂಗಾಲು ಉರಿಯುತ್ತಿತ್ತು, ಕಣ್ಣೂ ಉರಿಯುತ್ತಿತ್ತು, ಯಾವುದನ್ನೂ ಒರೆಸಿಕೊಳ್ಳದೆ ನಿಂತೆ.

ಗೌರಕ್ಕ ಆ ರಾತ್ರಿಯೂ ನಮ್ಮಲ್ಲಿಯೇ ಉಳಿದಳು. ಮರುದಿನ ಮಧ್ಯಾಹ್ನ ಅವಳನ್ನು ಮುರಗೋಡಕ್ಕೆ ಕರೆದೊಯ್ಯಲು ಮಗ ಬರುವವನಿದ್ದ. ಬೆಳಿಗ್ಗೆ ಹಾಲಿನವನು ಗೇಟು ಬಡಿದ. ನಾನು ಗಡಬಡಿಸಿ ಎದ್ದೆ, ಕಿರುಬೆರಳನ್ನು ಮಂಚದ ಕಾಲಿಗೆ ಅರ್ಪಿಸಿದೆ, "ಅವ್ವಾ" ಎಂದೆ. ಮಂಚದ ಕ್ಷೇಮವನ್ನು ಸುಮಿತ್ರಾ ವಿಚಾರಿಸುವ ಮೊದಲೇ, ಅಡುಗೆಮನೆಯೊಳಗಿನಿಂದ ರಬ್ಬರಿನ ಚಪ್ಪಲಿ ಎರಡು ಹೆಜ್ಜೆ ಸರಿದ ಸದ್ದಾಯಿತು. ನೋವಾಯಿತೇನೋ ತಮ್ಮಾ ಎಂದು ಗೌರಕ್ಕ ಕೇಳಿದಳು. ಬಹಳ ನೋವಾಯಿತಕ್ಕಾ ಎಂದೆ.

"ಚಲೋ ಆತು," ಎಂದಳು.